ಮೂರನೆಯ ವರಸೆ

ಇಳಕಲ್
ತಾ. 12 ಏಪ್ರಿಲ್ 1921

ಶಾಬುದ್ದೀನ ಅವರಿಗೆ ಜುಲೇಖಾಳ ಸಲಾಂ.

ಅಕ್ಷರ ವಾರೆಯಾಗಿವೆ, ಒತ್ತಕ್ಷರ ಬಂದಲ್ಲೆಲ್ಲ ತಪ್ಪಿರುತ್ತದೆ, ಮನ್ನಿಸಬೇಕು. ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆಗೆ ನನ್ನ ಓದು ಮುಗಿಯಿತೆಂಬುದು ನಿಮಗೆ ಗೊತ್ತೇ ಇದೆ. ಸಾಲು ನೇರ ಬರಲೆಂದು ಹಾಳೆಯ ಪಕ್ಕ ಮಗ್ಗದ ಪಟ್ಟಿ ಇಟ್ಟುಕೊಂಡಿದ್ದೇನೆ. ಆದರೂ ಕೊನೆಗೆ ಹೋಗುತ್ತ ಇಳಿಜಾರಾಗುತ್ತಿದೆ.

ಇಲ್ಲಿಯವರೆಗೆ ಸಾಲಿ ಮಾಸ್ತರರಿಂದ ಬರೆಸುತ್ತಿದ್ದೆ. ಈ ಸಲ ನೀವು ಕೇಳಿದ್ದನ್ನು ಅವರ ಮುಂದೆ ಹೇಳಲು ನಾಚಿಕೆಯಾಯಿತು. ತೊಡೆ, ಸೊಂಟ, ಬೈಠಕ ಎಂದು ಹೆಣ್ಣುಮಗಳು ಪರರ ಎದುರು ಹೇಗೆ ಹೇಳಬೇಕು?

ನಿಮ್ಮ ಪತ್ರ ನಾಲ್ಕು ಸಲ ಓದಿದೆ. ನನಗೆ ತಿಳಿದದ್ದು ಇಷ್ಟು. ನಿಮ್ಮ ಕ್ಯಾಪ್ಟನ್ ಸಾಹೇಬರು ಚಳಿಗಾಲದಲ್ಲಿ ಬರ್ಫಿನ ಮೇಲೆ ಹಾಕಿ ಎಂಬ ಕೋಲಿನಾಟ ಆಡುತ್ತಾರೆ. ಗೋಲಿನ ಬಾಗಿಲಿಗೆ ನಿಂತು ಪೆಟ್ಟು ತಿನ್ನಲು ಯಾವ ಸಾಹೇಬನೂ ತಯಾರಿಲ್ಲವೆಂದು ಹೋದ ಚಳಿಗಾಲ ನಿಮ್ಮನ್ನು ನಿಲ್ಲಿಸಿದರು. ನಿಮ್ಮ ಕಾಲು ನಡುಗಿ ಬಿದ್ದಿರಿ. ಇನ್ನು ಡಿಸೆಂಬರದವರೆಗೆ ಬರ್ಫಿಲ್ಲ. ಅಷ್ಟರೊಳಗೆ ಒಣ ನೆಲದ ಮೇಲೆ ತಾಲೀಮು ಮಾಡಿ ಕಾಲು ಗಟ್ಟಿ ಮಾಡಿಕೊಂಡರೆ ನಿಮ್ಮನ್ನೇ ಆರಿಸುತ್ತಾರೆ, ಚಳಿಗಾಲ ಪೂರ್ತಿ ಅಲ್ಲೇ ಇರಬೇಕು. ಆರಿಸದಿದ್ದರೆ ನವೆಂಬರದಲ್ಲಿ ನಾಲ್ಕು ತಿಂಗಳ ರಜೆ ಕೊಟ್ಟು ನಿಮ್ಮನ್ನು ಊರಿಗೆ ಕಳಿಸುತ್ತಾರೆ. ಸರಿ ತಿಳಿದಿದ್ದೇನೆಯೇ?

ನೀವು ಬದಾಮಿಯಲ್ಲಿ ಆ ಸಾಹೇಬರ ಸಾಮಾನು ಹೊರಲು ಹೋಗಿ, ಅವರ ಸಂಗಡವೇ ರೈಲು ಹತ್ತಿ ಹದಿನೈದು ತಿಂಗಳಾಯಿತು. ನಮ್ಮ ಸಂಸಾರ ನಡೆದದ್ದು ಆರೇ ತಿಂಗಳು.

ತಾಲೀಮಿನ ಪಾಠ ನಿಮ್ಮ ಬಾಬಾನಿಂದ ಕೇಳಿ ಬರೆ ಎಂದಿದ್ದೀರಿ. ಮಾಮಾ ಊರಿಗೆಲ್ಲ ಕುಸ್ತಿ ಕಲಿಸುವ ಅಮೀನಸಾಬ ವಸ್ತಾದರು, ಸ್ವಂತ ಮಗನೊಡನೆ ಮಾತ್ರ ಗರಡಿಯ ಸುದ್ದಿ ಎತ್ತುವುದಿಲ್ಲ. ನೀವು ಸಣ್ಣವರಿದ್ದಾಗ ಮಣ್ಣು ಬಿಟ್ಟು ಓಡಿದಿರೆಂಬ ಸಿಟ್ಟು ಇನ್ನೂ ಇದೆ. ಗರಡಿಯ ಹೊಸ್ತಿಲು ಹೆಣ್ಣುಮಕ್ಕಳು ದಾಟುವಂತಿಲ್ಲ. ಆದರೂ ಕೇಳುತ್ತೇನೆ.

ಜುಲೇಖಾ


ಸಿಮ್ಲಾ
ತಾ. 3 ಮೇ 1921

ಜುಲೇಖಾ,

ನಿನ್ನ ಕೈಬರಹ ಮೊದಲ ಸಲ ನೋಡಿದೆ. ಮಾಸ್ತರರ ಅಕ್ಷರ ದುಂಡಗಿರುತ್ತಿದ್ದವು, ಆದರೆ ಅವುಗಳಲ್ಲಿ ನೀನು ಇರುತ್ತಿರಲಿಲ್ಲ. ಇನ್ನು ಮೇಲೆ ನೀನೇ ಬರೆ. ಸಾಲು ಇಳಿಜಾರಾದರೆ ಆಗಲಿ, ಈ ಊರೇ ಇಳಿಜಾರಾಗಿದೆ.

ಬರ್ಫು ಎಂದರೆ ನಿನಗೆ ತಿಳಿಯಲಿಕ್ಕಿಲ್ಲ. ಸಂಜೆ ಅಂಗಳಕ್ಕೆ ನೀರು ಬಿಡುತ್ತಾರೆ, ಬೆಳಗಾಗುವುದರಲ್ಲಿ ಅದು ಕಲ್ಲು. ನಮ್ಮೂರ ಕೆಂಪು ಕಲ್ಲನ್ನು ನುಣುಪು ಮಾಡಿ ಎಣ್ಣೆ ಚೆಲ್ಲಿದರೆ ಹೇಗೋ ಹಾಗೆ. ಬೂಟಿನ ಕೆಳಗೆ ಈಳಿಗೆಯಂಥ ಅಲಗು ಕಟ್ಟಿರುತ್ತಾರೆ. ಆ ಅಲಗಿನ ಮೇಲೆ ನಿಂತು, ಅಂಗೈ ಅಗಲದ ರಬ್ಬರ್ ಬಿಲ್ಲೆ ಗುಂಡಿನ ಹಾಗೆ ಬರುವಾಗ ತಡೆಯಬೇಕು. ಕಾಲು ಬಗ್ಗಿಸಿ ಅರ್ಧ ಕುಳಿತೇ ಇರಬೇಕು. ಅದೇ ನನ್ನಿಂದ ಆಗದ್ದು.

ಸಾಹೇಬರು ಹೇಳುವುದೇನೆಂದರೆ, ಆಟ ಬರ್ಫಿನ ಮೇಲೆ ನಡೆದರೂ ಆಟಗಾರ ತಯಾರಾಗುವುದು ಬರ್ಫಿಲ್ಲದ ತಿಂಗಳುಗಳಲ್ಲಿ. ನನ್ನ ತಂದೆ ವಸ್ತಾದ ಎಂದೆ. ಅವರು ಹುಬ್ಬೇರಿಸಿ, ಹಾಗಾದರೆ ಅವರಿಗೇ ಬರೆ ಎಂದರು. ಬಾಬಾನ ಹೆಸರು ಹೇಳಿ ನನ್ನ ಎದೆ ಉಬ್ಬಿದ್ದು ಅದೇ ಮೊದಲು.

ಊರಿಗೆ ಬರುವ ಆಸೆ ಇಲ್ಲವೆಂದು ತಿಳಿಯಬೇಡ. ಆದರೆ ಒಂದು ಸಲವಾದರೂ ಎಲ್ಲಿಯೋ ಗಟ್ಟಿಯಾಗಿ ನಿಂತು, ಆಮೇಲೆ ಬಾಬಾನ ಮುಂದೆ ಬರಬೇಕೆಂದಿದೆ. ಅವರು ಏನೆನ್ನುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆ. ಬೈದರೂ ಬರೆ.

ಶಾಬುದ್ದೀನ


ಇಳಕಲ್
ತಾ. 16 ಜೂನ್ 1921

ಸಲಾಂ. ರಮಜಾನ್ ಮುಗಿದ ಮೇಲೆ ಬರೆಯೋಣವೆಂದು ತಡವಾಯಿತು.

ಮಾಮಾ ಒಪ್ಪಿದರು. ಬೈಯಲಿಲ್ಲ. ನಡುಮನೆಯ ಹೊರಸಿನ ಮೇಲೆ ಕುಳಿತು ತೋರಿಸುತ್ತಾರೆ. ನಾನು ಬಾಗಿಲು ಹಾಕಿಕೊಂಡು ಮಾಡಿ ನೋಡುತ್ತೇನೆ. ಮಾಡಿ ನೋಡದೆ ಬರೆದರೆ ತಪ್ಪಾದೀತು, ಹೊಲಿಗೆಯನ್ನಾಗಲಿ ನೇಯ್ಗೆಯನ್ನಾಗಲಿ ಬರೀ ಕೇಳಿ ಕಲಿತವರಿಲ್ಲ. ಪಕ್ಕದ ಮನೆಯ ಮಾಬುಬಿ ಧಡಧಡ ಸಪ್ಪಳ ಕೇಳಿ, "ಏನ ಜುಲೇಖಾ, ದಿನಾ ಇಷ್ಟ್ ಖಾರಾ ಕುಟ್ಟತೀಯಲ್ಲ, ಯಾರ ಲಗ್ನಾನ?" ಎಂದು ಕೇಳಿದಳು.

ಒಂದನೆಯದು ಬೈಠಕ. ಪಾದಗಳ ನಡುವೆ ಒಂದು ಗೇಣು ಬಿಟ್ಟು ಕೂರುವುದು, ಏಳುವುದು. ಅರ್ಧ ಕುಳಿತಲ್ಲಿ ಹತ್ತು ಎಣಿಸುವವರೆಗೆ ತಡೆಯಬೇಕು. ಮೂವತ್ತರಿಂದ ಶುರು ಮಾಡಿ ವಾರಕ್ಕೆ ಹತ್ತು ಹೆಚ್ಚಿಸಬೇಕು. ಕುಣಿ ಮಗ್ಗದಲ್ಲಿ ಕಾಲು ತುಳಿದು ತುಳಿದು ನನಗೆ ಇದು ಅಷ್ಟು ಕಷ್ಟವಾಗಲಿಲ್ಲ.

ಎರಡನೆಯದು ಅಡ್ಡ ನಡೆ. ಕಾಲು ಬಗ್ಗಿಸಿಕೊಂಡೇ ಈ ಗೋಡೆಯಿಂದ ಆ ಗೋಡೆಗೆ ಅಡ್ಡವಾಗಿ ಸರಿಯಬೇಕು. ತಲೆ ಮೇಲೆ ಕೆಳಗೆ ಆಗಬಾರದು. ನಾನು ತಲೆಯ ಮೇಲೆ ನೀರಿನ ಚರಿಗೆ ಇಟ್ಟುಕೊಂಡೆ. ಮೊದಲ ದಿನ ಮೂರು ಸಲ ಸ್ನಾನವಾಯಿತು.

ನಾಲ್ಕನೆಯದು ಒಂಟಿಗಾಲು. ಒನಕೆಯ ತುಂಡಿನ ಮೇಲೆ ಹಲಗೆ ಇಟ್ಟು ಅದರ ಮೇಲೆ ನಿಲ್ಲಬೇಕು. ಒನಕೆ ನನ್ನ ಉಪಾಯ. ಗರಡಿಯಲ್ಲಿ ಬರೀ ನೆಲ. ನೀವು ಜಾರುವ ಕಡೆ ನಿಲ್ಲುವವರೆಂದು ನಾನು ಸೇರಿಸಿದೆ. ಮಾಮಾ ನೋಡಿ ತಲೆದೂಗಿದರು.

ಐದನೆಯದು ಕಣ್ಣಿನ ಪಾಠ. ಮಾಮಾ ಗಜ್ಜಗದ ಕಾಯಿ ಎಸೆಯುತ್ತಾರೆ, ನಾನು ಹಿಡಿಯಬೇಕು. ನಿಮಗೆ ಬಂಗಲೆಯ ಅಡುಗೆಯವನು ಎಸೆಯಲಿ. ನೋಡಬೇಕಾದದ್ದು ಕಾಯಿಯನ್ನಲ್ಲ, ಎಸೆಯುವವರ ಸೊಂಟವನ್ನು. ಅವರ ಮಾತಿನಲ್ಲೇ ಬರೆ ಎಂದಿರಲ್ಲ, ಬರೆದಿದ್ದೇನೆ: "ಎದರಿನವನ ಕಣ್ಣ ಸುಳ್ಳ ಹೇಳತೈತಿ, ಕೈನೂ ಸುಳ್ಳ ಹೇಳತೈತಿ. ಸೊಂಟಕ್ಕ ಸುಳ್ಳ ಹೇಳಾಕ ಬರಂಗಿಲ್ಲ."

ಮಾಮಾನ ಹಳೆಯ ಶಿಷ್ಯ ರಾಚಪ್ಪಣ್ಣ ನನ್ನ ಕೈಯಲ್ಲಿ ಹಾಳೆ ನೋಡಿ ನಕ್ಕ. "ಗಂಡನ್ನ ಮನಿಗೆ ಕರಸೂದ ಬಿಟ್ಟು, ಅಲ್ಲೇ ಗಟ್ಟಿ ನಿಂದ್ರಾಕ ಕಲಸಾಕತ್ತೀಯಲ್ಲವಾ ತಂಗಿ" ಎಂದ. ನಾನೂ ನಕ್ಕೆ. ಆ ದಿನ ಮಗ್ಗದಲ್ಲಿ ಕೂತಾಗ ಆ ಮಾತೇ ತಿರುಗಿ ತಿರುಗಿ ಬಂತು.

ಜುಲೇಖಾ


ಸಿಮ್ಲಾ
ತಾ. 20 ಜುಲೈ 1921

ಜುಲೇಖಾ,

ಮಳೆ ಬಿಟ್ಟಿಲ್ಲ. ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ತಾಲೀಮು ನಡೆದಿದೆ. ಬೈಠಕ ಅರವತ್ತಕ್ಕೆ ಬಂದಿದೆ. ಅಡುಗೆಯವನು ಆಲೂಗಡ್ಡೆ ಎಸೆಯುತ್ತಾನೆ. ಅವನದು ದೊಡ್ಡ ಹೊಟ್ಟೆ, ಸೊಂಟ ಎಲ್ಲಿದೆಯೆಂದು ಹುಡುಕುವುದರಲ್ಲಿಯೇ ಎರಡು ಸಲ ಹಣೆಗೆ ಬಡಿಯಿತು. ಈಗ ಹತ್ತರಲ್ಲಿ ಎಂಟು ಹಿಡಿಯುತ್ತೇನೆ.

ನಿನ್ನ ಪತ್ರ ಮಡಚಿ ಮಡಚಿ ಹರಿಯುವಂತಾಗಿದೆ. ನೀನು ಚರಿಗೆ ಇಟ್ಟುಕೊಂಡು ಅಡ್ಡ ನಡೆಯುವುದು ಕಣ್ಣಿಗೆ ಕಟ್ಟುತ್ತದೆ. ಒದ್ದೆಯಾದ ಮೇಲೆ ಕೂದಲು ಎಲ್ಲಿ ಒಣಗಿಸಿದೆ? ಹಿತ್ತಲ ಹುಣಸೆ ಗಿಡದ ಕೆಳಗೋ? ಇಂಥದ್ದನ್ನು ಪತ್ರದಲ್ಲಿ ಕೇಳಬಾರದೇನೋ. ಕೇಳಿದ್ದೇನೆ.

ಒಂದು ಮಾತು. ಒಂದು, ಎರಡು ಆದ ಮೇಲೆ ನಾಲ್ಕು ಎಂದು ಬರೆದಿದ್ದೀ. ಮೂರನೆಯದು ಯಾವುದು? ಹಾಳೆ ಏನಾದರೂ ಬಿಟ್ಟುಹೋಯಿತೇ?

ಗರಡಿಗೆ ಈಗ ಎಷ್ಟು ಮಂದಿ ಬರುತ್ತಾರೆ? ಬಾಬಾ ನನ್ನ ಹೆಸರು ಎತ್ತಿದರೇ?

ಶಾಬುದ್ದೀನ


ಇಳಕಲ್
ತಾ. 30 ಆಗಸ್ಟ್ 1921

ಸಲಾಂ. ಬಕ್ರೀದ್ ಚೆನ್ನಾಗಿ ಆಯಿತು. ಗರಡಿಗೆ ಎಂದಿನಂತೆ ಮಂದಿ ಬರುತ್ತಾರೆ. ಮಾಮಾ ಚೆನ್ನಾಗಿದ್ದಾರೆ, ನಿಮ್ಮ ಸುದ್ದಿ ಕೇಳುತ್ತಿರುತ್ತಾರೆ.

ಮೂರನೆಯದು ಎಂದು ಏನೂ ಇಲ್ಲ. ಎಣಿಕೆ ತಪ್ಪಿ ಬರೆದೆ. ನಾಲ್ಕನೇ ಇಯತ್ತೆ ಓದಿದವಳ ಲೆಕ್ಕ ಅಷ್ಟೇ, ಕ್ಷಮಿಸಿರಿ.

ಕೂದಲು ಹುಣಸೆ ಗಿಡದ ಕೆಳಗೇ ಒಣಗಿಸಿದೆ.

ಈಗ ಬಾಗಲಕೋಟೆಯಿಂದ ಬರುವ ಗಾಡಿಗಳ ಗಂಟೆ ಕೇಳಿದರೆ ಮಗ್ಗದ ಲಾಳಿ ತಾನೇ ನಿಲ್ಲುತ್ತದೆ. ನವೆಂಬರಕ್ಕೆ ಇನ್ನು ಒಂಬತ್ತು ವಾರ. ನಿಮ್ಮ ಹಳೆಯ ಅಂಗಿಗಳನ್ನು ಕತ್ತರಿಸಿ ಒಂದು ಕೌದಿ ಹೊಲಿಯಲು ಹಿಡಿದಿದ್ದೇನೆ. ಅಲ್ಲಿಯ ಚಳಿ ಕಂಡವರಿಗೆ ಇಲ್ಲಿಯ ಚಳಿ ಚಳಿಯೇ ಅಲ್ಲ ಎನ್ನುತ್ತೀರಿ. ಆದರೂ ಹೊಲಿಯುತ್ತೇನೆ.

ತಾಲೀಮು ಬಿಡಬೇಡಿರಿ ಎಂದು ಬರೆಯಬೇಕು, ಬರೆದಿದ್ದೇನೆ. ಸಾಹೇಬರು ಯಾರನ್ನು ಆರಿಸುತ್ತಾರೋ ಅದು ಅವರ ಇಷ್ಟ. ಆರಿಸದಿದ್ದರೆ ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಇಲ್ಲಿ ನಿಮಗೆ ಯಾರೂ ಏನೂ ಅನ್ನುವುದಿಲ್ಲ.

ಜುಲೇಖಾ


ಸಿಮ್ಲಾ
ತಾ. 5 ನವೆಂಬರ್ 1921

ಜುಲೇಖಾ,

ಆರಿಸಿದರು. ಸಾಹೇಬರು ಜಗಲಿಯ ಮುಂದೆ ನನ್ನನ್ನು ನಿಲ್ಲಿಸಿ, ತಾವೇ ಕೋಲಿನಿಂದ ಇಪ್ಪತ್ತು ಚೆಂಡು ಹೊಡೆದರು. ಹದಿನೇಳು ತಡೆದೆ. ಸೊಂಟ ನೋಡಿದೆ, ಬಾಬಾ ಹೇಳಿದಂತೆ. ಸಾಹೇಬರು ನನ್ನ ತೊಡೆ ತಟ್ಟಿ, ಇವು ಹೋದ ವರ್ಷದ ಕಾಲುಗಳಲ್ಲ ಎಂದರು. ಕಾಲಿಗೆ ಕಟ್ಟಿಕೊಳ್ಳಲು ದಪ್ಪ ಚರ್ಮದ ಪಟ್ಟಿ ಕೊಟ್ಟಿದ್ದಾರೆ.

ಈ ಸುದ್ದಿ ಬಾಬಾನಿಗೆ ಮೊದಲು ಓದಿ ಹೇಳು. ಆಮೇಲೆ ಉಳಿದದ್ದನ್ನು ನೀನು ಓದಿಕೋ.

ಈ ಚಳಿಗಾಲ ಬರಲಾಗುವುದಿಲ್ಲ. ಮಾರ್ಚದಲ್ಲಿ ಸಾಹೇಬರ ಕೆಲಸ ಮತ್ತೆ ಶುರುವಾಗುತ್ತದೆ. ಅಲ್ಲಿಗೆ ಇನ್ನೊಂದು ವರ್ಷ. ನೀನು ಆ ಒನಕೆಯ ತುಂಡು ಇಟ್ಟದ್ದರಿಂದಲೇ ನಾನು ನಿಂತೆ. ನಿನ್ನ ಕೈಯಿಂದಲೇ ಇದು ಆಯಿತು, ಸಿಟ್ಟಾಗಬೇಡ.

ಶಾಬುದ್ದೀನ


ಇಳಕಲ್
ತಾ. 18 ನವೆಂಬರ್ 1921

ಸಲಾಂ. ಸುದ್ದಿ ತಿಳಿಯಿತು. ಮಾಮಾನಿಗೆ ಓದಿ ಹೇಳಿದೆ. ಸಂತೋಷಪಟ್ಟರು.

ಕೌದಿ ಮುಗಿದಿತ್ತು. ಮಡಚಿ ಪೆಟ್ಟಿಗೆಯಲ್ಲಿಟ್ಟೆ.

ಜುಲೇಖಾ


ಇಳಕಲ್
ತಾ. 11 ಡಿಸೆಂಬರ್ 1921

ಇದನ್ನು ಓದಿದ ಕೂಡಲೇ ಮಾಡಿ ನೋಡಿರಿ. ಉಳಿದ ಮಾತು ಆಮೇಲೆ.

ಮೂರನೆಯ ವರಸೆ ಬೀಳುವುದು. ಬೀಳುವಾಗ ಕೈ ಊರಬಾರದು. ಗದ್ದ ಎದೆಗೆ ಹಚ್ಚಬೇಕು. ಮೊದಲು ಭುಜದ ಹಿಂಭಾಗ, ಆಮೇಲೆ ಬೆನ್ನು, ಆಮೇಲೆ ಸೊಂಟ, ಹೀಗೆ ಉರುಳಿಕೊಂಡು ನೆಲಕ್ಕೆ ಹೋಗಬೇಕು. ಬಿದ್ದ ಕ್ಷಣ ಅಂಗೈಯಿಂದ ನೆಲ ಬಡಿದು ಉಸಿರು ಬಿಡಬೇಕು. ಉಸಿರು ಹಿಡಿದವನ ಎಲುಬು ಮುರಿಯುತ್ತದೆ. ಮೊದಲು ಕುಳಿತು ಬೀಳಬೇಕು, ಆಮೇಲೆ ನಿಂತು, ಆಮೇಲೆ ಓಡುತ್ತ. ದಿನಕ್ಕೆ ಐವತ್ತು ಸಲ, ಎರಡೂ ಕಡೆಗೆ. ಗರಡಿಗೆ ಬಂದವರಿಗೆ ಮೂರನೆಯ ದಿನ ಇದನ್ನೇ ಕಲಿಸುತ್ತಾರೆ. ಇದು ಬಾರದೆ ಯಾರನ್ನೂ ಕುಸ್ತಿಗೆ ಬಿಡುವುದಿಲ್ಲ.

ಎಣಿಕೆ ತಪ್ಪಿರಲಿಲ್ಲ. ಜೂನ್ ತಿಂಗಳಲ್ಲಿಯೇ ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೆ. ಲಕೋಟೆ ಅಂಟಿಸುವಾಗ ಆ ಹಾಳೆ ತೆಗೆದಿಟ್ಟೆ. ಬೀಳಲು ಬಾರದವರು ಎರಡು ಸಲ ಬಿದ್ದರೆ ಅಂಜುತ್ತಾರೆ, ಅಂಜಿದವರನ್ನು ಸಾಹೇಬರು ಆರಿಸುವುದಿಲ್ಲ, ನವೆಂಬರದಲ್ಲಿ ನೀವು ಬರುತ್ತೀರಿ ಎಂದು ಯೋಚಿಸಿದೆ. ಪೆಟ್ಟಾದೀತೆಂದು ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂಬುದೂ ಪೂರ್ತಿ ಖರೆಯಲ್ಲ. ಯೋಚಿಸಿ, ಅತ್ತ ದೂಡಿದೆ.

ನಿನ್ನೆ ಬಾವಿಯ ಕಟ್ಟೆಯ ಮೇಲಿಂದ ಕೊಡದ ಸಂಗಡ ಜಾರಿ ನಾನೇ ಬಿದ್ದೆ. ಗೊತ್ತಿಲ್ಲದೆ ಭುಜ ತಿರುಗಿತು, ಅಂಗೈ ನೆಲ ಬಡಿಯಿತು. ಕೊಡ ಒಡೆಯಿತು, ನನಗೆ ಏನೂ ಆಗಲಿಲ್ಲ. ಅಲ್ಲೇ ಕುಳಿತು ಅತ್ತೆ.

ಬರ್ಫು ಕಟ್ಟುವ ಮೊದಲು ಈ ಪತ್ರ ಮುಟ್ಟಲಿ.

ಜುಲೇಖಾ


ಸಿಮ್ಲಾ
ತಾ. 26 ಡಿಸೆಂಬರ್ 1921

ಜುಲೇಖಾ,

ಅಕ್ಷರ ನೋಡಿ ಹೆದರಬೇಡ. ಎಡಗೈಯಿಂದ ಬರೆಯುತ್ತಿದ್ದೇನೆ. ಬಲಗೈ ಮಣಿಕಟ್ಟಿನಲ್ಲಿ ಮುರಿದಿದೆ. ದವಾಖಾನೆಯಲ್ಲಿ ಪಟ್ಟಿ ಕಟ್ಟಿದ್ದಾರೆ, ಕೂಡುತ್ತದೆ ಎಂದಿದ್ದಾರೆ.

ಇಪ್ಪತ್ತೊಂದಕ್ಕೆ ಬರ್ಫಿನ ಮೇಲೆ ಕೈ ಊರಿ ಬಿದ್ದೆ. ನಿನ್ನ ಪತ್ರ ಇಪ್ಪತ್ತೆರಡಕ್ಕೆ ಬಂತು. ಒಂದು ಸಲ ಓದಿ ದಿಂಬಿನ ಕೆಳಗೆ ಹಾಕಿದೆ, ಎರಡು ದಿನ ತೆಗೆಯಲಿಲ್ಲ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮೂರನೆಯ ದಿನ ಮತ್ತೆ ಓದಿದೆ. ನನ್ನನ್ನು ಮನೆಗೆ ಕರೆಸಿಕೊಳ್ಳಲು ಒಬ್ಬರು ಇಷ್ಟು ದೂರ ಹೋದರಲ್ಲ ಎಂದು ಅನ್ನಿಸಿತು. ಆಮೇಲೆ ಸಿಟ್ಟು ನಿಲ್ಲಲಿಲ್ಲ.

ನಿನಗೆ ಒಂದು ಸಂಗತಿ ನಾನೂ ಹೇಳಿಲ್ಲ. ಗರಡಿಯಿಂದ ನಾನು ಓಡಿದ್ದು ಒಂಬತ್ತು ವರ್ಷದವನಿದ್ದಾಗ, ಮೂರನೆಯ ದಿನ. ಬಾಬಾ ಬರುವ ಮೊದಲೇ ದೊಡ್ಡ ಹುಡುಗರು ನನ್ನನ್ನು ಎತ್ತಿ ಹಾಕಿದರು. ಕೈ ಊರಿದೆ, ಇದೇ ಮಣಿಕಟ್ಟು ಮುರಿಯಿತು. ತಾಯಿ ಮತ್ತೆ ಕಳಿಸಲಿಲ್ಲ. ಆ ದಿನ ಬಾಬಾ ಬಂದ ಮೇಲೆ ಏನು ಕಲಿಸುವವರಿದ್ದರೆಂದು ಹದಿಮೂರು ವರ್ಷ ನನಗೆ ತಿಳಿಯಲಿಲ್ಲ. ನಿನ್ನ ಅಕ್ಷರದಲ್ಲಿ ಓದಿ ತಿಳಿಯಿತು.

ಸಾಹೇಬರು ಒಳ್ಳೆಯವರು. ಮಾರ್ಚದವರೆಗೆ ರಜೆ ಕೊಡುತ್ತೇನೆ, ಊರಿಗೆ ಹೋಗು, ಕೈ ಕೂಡಿದ ಮೇಲೆ ಬಾ ಎಂದರು. ನಾನು ಬೇಡವೆಂದೆ. ಒಂದೇ ಕೈಯನ್ನು ಎರಡು ಸಲ ಮುರಿದುಕೊಂಡು ಬಾಬಾನ ಮುಂದೆ ಯಾವ ಮುಖದಿಂದ ನಿಲ್ಲಲಿ? ಇಲ್ಲೇ ಅಂಗಳದ ಪಕ್ಕ ಕುಳಿತು ಆಟ ನೋಡುತ್ತೇನೆ. ಬಾಬಾನಿಗೆ ನಾನು ಆಡುತ್ತಿದ್ದೇನೆ ಎಂದೇ ಹೇಳು.

ಶಾಬುದ್ದೀನ


ಇಳಕಲ್
ತಾ. 9 ಜನವರಿ 1922

ಸಲಾಂ.

ನಿಮ್ಮ ಎಡಗೈಯ ಅಕ್ಷರ ನನ್ನ ಬಲಗೈಯ ಅಕ್ಷರಕ್ಕಿಂತ ಚಂದ ಇವೆ. ಓದುತ್ತ ಎಷ್ಟು ಸಲ ಕಣ್ಣೊರೆಸಿದೆನೋ ಬರೆಯುವುದಿಲ್ಲ. ನನ್ನ ತಪ್ಪಿಗೆ ಕ್ಷಮೆ ಕೇಳುವುದು ಪತ್ರದಲ್ಲಿ ಆಗುವುದಿಲ್ಲ, ಎದುರಿಗೆ ಆಗಬೇಕು.

ಬಾಬಾನಿಗೆ ಸುಳ್ಳು ಹೇಳು ಎಂದಿರಿ. ಹೇಳಲಿಲ್ಲ. ಈ ಮನೆಯಲ್ಲಿ ಸುಳ್ಳು ಸಾಕಷ್ಟು ಆಗಿದೆ. ದೊಡ್ಡದು ಇನ್ನೂ ಹೇಳಬೇಕಾಗಿದೆ, ಗಟ್ಟಿ ಮನಸ್ಸಿನಿಂದ ಓದಿರಿ.

ಹೋದ ಫೆಬ್ರುವರಿಯಲ್ಲಿ ಮಾಮಾನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ನಿಮಗೆ ಬರೆಸುತ್ತೇನೆ ಎಂದು ಹಾಳೆ ತಂದರೆ ಎಡಗೈಯಿಂದ ನನ್ನ ಬಾಯಿ ಮುಚ್ಚಿ, ನನ್ನ ಕೈ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಮರುಕದಿಂದ ಮಗ ಬರುವುದು ಬೇಡವಾಗಿತ್ತು. ಆಣೆ ಹಾಕಿಸಿಕೊಂಡರು. ಖರೆ ಹೇಳಿ ನಿಮ್ಮನ್ನು ಕರೆಯುವ ದಾರಿ ಹಾಗೆ ಮುಚ್ಚಿತು, ಅದಕ್ಕೇ ಕಳ್ಳ ದಾರಿ ಹಿಡಿದೆ. ಗರಡಿಗೆ ಹನ್ನೊಂದು ತಿಂಗಳಿಂದ ಬೀಗ. ನಾನು ನಿಮಗೆ ಬರೆದ ಸೊಂಟದ ಮಾತು ರಾಚಪ್ಪಣ್ಣ ನೆನೆದು ಹೇಳಿದ್ದು. ಮಾಮಾ ಎಡಗೈಯಿಂದಲೇ ಎಲ್ಲ ವರಸೆ ತೋರಿಸಿದರು, ಎಡಗೈಯಿಂದಲೇ ಗಜ್ಜಗ ಎಸೆದರು.

ಪ್ರತಿ ಸಲ ನಾನು ಲಕೋಟೆ ಅಂಟಿಸುವಾಗ ಮೂರು ಬೆರಳು ಎತ್ತಿ ಕೇಳುತ್ತಿದ್ದರು. ಮೂರನೆಯದು ಬರೆದೆಯಾ ಎಂದು. ನಾನು ಹೂಂ ಎಂದು ತಲೆ ಹಾಕುತ್ತಿದ್ದೆ. ಅವರು ಹಟ ಹಿಡಿದು ಅದನ್ನೇ ಕೇಳುವುದು ಯಾಕೆಂದು ತಿಳಿದಿರಲಿಲ್ಲ. ನೀವು ಓಡಿದ್ದು ಮೂರನೆಯ ದಿನವೆಂದು ನಿಮ್ಮ ಪತ್ರ ಓದಿದ ಮೇಲೆ ತಿಳಿಯಿತು.

ಆ ಪತ್ರವನ್ನು ಒಂದು ಮಾತೂ ಬಿಡದೆ ಅವರಿಗೆ ಓದಿ ಹೇಳಿದೆ. ನಾನು ಹಾಳೆ ತೆಗೆದಿಟ್ಟದ್ದನ್ನೂ ಹೇಳಿದೆ. ರಾಚಪ್ಪಣ್ಣ ಅಲ್ಲೇ ಇದ್ದ. ಮಾಮಾ ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿದರು. ಇತ್ತ ತಿರುಗಿದಾಗ ಮತ್ತೆ ಮೂರು ಬೆರಳು ಎತ್ತಿ, ಗರಡಿಯ ಕಡೆ ತೋರಿಸಿದರು. ಬಾಯಿ ಸೊಟ್ಟ ಮಾಡಿ ಮಾಡಿ ಒಂದು ಮಾತು ಹೊರಗೆ ತಂದರು. ಹನ್ನೊಂದು ತಿಂಗಳಲ್ಲಿ ಅದೊಂದೇ.

"ಬರ್ಲಿ."

ನನ್ನ ಕೈಯನ್ನು ತಮ್ಮ ತಲೆಯ ಮೇಲಿಟ್ಟು, ತಾವೇ ಕೆಳಗಿಳಿಸಿದರು. ಆಣೆ ಬಿಡಿಸಿದರೆಂದು ತಿಳಿದೆ. ಅದಕ್ಕೇ ಇದೆಲ್ಲ ಬರೆದದ್ದು.

ಮಣ್ಣು ಬಿಟ್ಟ ಮಗನೆಂದು ಅವರು ಸಿಟ್ಟಾಗಿದ್ದರೋ, ಆ ದಿನ ತಾವು ತಡವಾಗಿ ಬಂದೆವೆಂದು ತಮ್ಮ ಮೇಲೇ ಸಿಟ್ಟಾಗಿದ್ದರೋ, ನನಗೆ ಗೊತ್ತಿಲ್ಲ. ಬಂದು ನೀವೇ ನೋಡಿರಿ. ಮುರಿದ ಕೈಯಿಂದಲೇ ಬನ್ನಿರಿ. ಇಲ್ಲಿ ಗಟ್ಟಿಯಾಗಿ ನಿಂತವರು ಯಾರೂ ಇಲ್ಲ.

ಗರಡಿಯ ಮಣ್ಣು ಕಲ್ಲಾಗಿತ್ತು. ಅಗೆಯುತ್ತೇನೆಂದು ರಾಚಪ್ಪಣ್ಣ ಸಲಿಕೆ ತಂದ. ಮಾಮಾ ಬೇಡವೆಂದು ನನ್ನ ಕಡೆ ಬೆರಳು ಮಾಡಿದರು. "ಹೆಣ್ಣಮಕ್ಕಳು ಒಳಗ ಕಾಲಿಡಂಗಿಲ್ಲಲ್ರಿ ವಸ್ತಾದ" ಎಂದು ಅವನು ಅಂದ. ಮಾಮಾ ಎಡಗೈಯ ಐದೂ ಬೆರಳು ಅಗಲಿಸಿ ತೋರಿಸಿದರು, ಇವಳಿಗೆ ಐದೂ ಪಾಠ ಬರುತ್ತವೆ ಎಂದು. ರಾಚಪ್ಪಣ್ಣ ತಲೆ ಕೆರೆದುಕೊಂಡು, "ಹಂಗಾರ ನೀ ನನಗ ತಂಗಿ ಅಲ್ಲ, ಜೋಡೀದಾರ ಆದಿ ನೋಡವಾ" ಎಂದು ಸಲಿಕೆ ನನ್ನ ಕೈಗೆ ಕೊಟ್ಟ.

ಇಂದು ಬೆಳಿಗ್ಗೆ ಮಾಮಾನ ಹೊರಸನ್ನು ಗರಡಿಯ ಬಾಗಿಲಿಗೆ ಹೊತ್ತು ತಂದೆವು. ನಾನು ಒಳಗೆ ಹೋಗಿ ಮಣ್ಣು ಅಗೆದೆ, ಹರಳು ಆರಿಸಿದೆ, ಮಜ್ಜಿಗೆ ಅರಿಶಿನ ಹಾಕಿ ಕಲಸಿದೆ. ಆಮೇಲೆ ಸೆರಗು ಸೊಂಟಕ್ಕೆ ಕಟ್ಟಿ, ಮೆತ್ತಗಾಗಿದೆಯೋ ಇಲ್ಲವೋ ಎಂದು ಮೂರು ಸಲ ಬಿದ್ದು ನೋಡಿದೆ. ನೋವಾಗಲಿಲ್ಲ.

ಜುಲೇಖಾ